ಮನೆಯೊಳಗಿನ ಶರ್ಯತ್ತು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಜಾತ್ರೆಗಳಲ್ಲಿ ಕುಸ್ತಿಯ ಜೊತೆಗೆ ಸೈಕಲ್ ಶರ್ಯತ್ತು ಇಡುವುದು ಹಳೆಯ ರೂಢಿ. ಸಾದಾ ಸೈಕಲ್‌ಗೆ ಒಂದು, ಗೇರ್ ಸೈಕಲ್‌ಗೆ ಇನ್ನೊಂದು. ಈ ಶರ್ಯತ್ತುಗಳಲ್ಲಿ ಕಣ್ಣಿಗೆ ಬಿದ್ದ ಮಕ್ಕಳು ಬಾಗಲಕೋಟೆ, ವಿಜಯಪುರದ ಕ್ರೀಡಾ ವಸತಿನಿಲಯ ಸೇರುತ್ತಾರೆ. ಕೆಲವರು ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆಗೆ ಹೋಗುತ್ತಾರೆ. ಕರ್ನಾಟಕದ ಸೈಕ್ಲಿಂಗ್ ತಂಡದ ಬೆನ್ನೆಲುಬು ಈ ಮಕ್ಕಳೇ. ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಷಿಪ್ ಜಮಖಂಡಿಯಲ್ಲೇ ನಡೆದದ್ದೂ ಉಂಟು. ಹಾಗಾಗಿ ಜಗತ್ತಿನ ಸೈಕ್ಲಿಂಗ್‌ನಲ್ಲಿ ಹೊಸ ಪದ್ಧತಿಯೊಂದು ಬೇರೂರಿದಾಗ ಅದರ ಗುಣದೋಷ ತೂಗಿ ನೋಡುವ ಹಕ್ಕು ಈ ನಾಡಿಗಿದೆ. ಆ ಪದ್ಧತಿಯೇ ಮನೆಯಲ್ಲಿ ಸೈಕಲ್ ನಿಲ್ಲಿಸಿಕೊಂಡು, ಇಂಟರ್‌ನೆಟ್ ಮೂಲಕ ದೂರದವರ ಮೇಲೆ ಸ್ಪರ್ಧಿಸುವ ಆನ್‌ಲೈನ್ ರೇಸ್. ಈ ಯಂತ್ರ ನಮ್ಮ ಮಕ್ಕಳಿಗೆ ಬೇಕು, ಆದರೆ ಅದು ಮನೆಮನೆಯಲ್ಲಿ ಕೂತಿರುವವರೆಗೆ ಅದರ ಮೇಲಿನ ಪಂದ್ಯವನ್ನು ಪಂದ್ಯವೆಂದು ಒಪ್ಪಲಾಗದು ಎಂಬುದು ನನ್ನ ನಿಲುವು.

ಯಂತ್ರದ ಹೆಸರು ಸ್ಮಾರ್ಟ್ ಟ್ರೇನರ್. ಸೈಕಲ್ಲಿನ ಹಿಂದಿನ ಗಾಲಿ ಬಿಚ್ಚಿ, ಚೈನನ್ನು ನೇರವಾಗಿ ಇದಕ್ಕೆ ಕೂಡಿಸುತ್ತಾರೆ. ಒಳಗೆ ಭಾರವಾದ ಒಂದು ಚಕ್ರ, ಅದನ್ನು ಹಿಡಿದೆಳೆಯುವ ವಿದ್ಯುತ್ ಅಯಸ್ಕಾಂತಗಳು. ಪರದೆಯ ಮೇಲೆ ಏರು ಬಂದರೆ ಅಯಸ್ಕಾಂತ ಬಿಗಿಯುತ್ತದೆ, ಪೆಡಲ್ ಭಾರವಾಗುತ್ತದೆ. ಇಳಿಜಾರು ಬಂದರೆ ಸಡಿಲಾಗುತ್ತದೆ. ಸವಾರನ ಸಾಮರ್ಥ್ಯವನ್ನು ಯಂತ್ರ ವ್ಯಾಟ್‌ನಲ್ಲಿ ಅಳೆದು ಬ್ಲೂಟೂತ್ ಮೂಲಕ ಕಂಪ್ಯೂಟರಿಗೆ ಕಳಿಸುತ್ತದೆ. ಜ್ವಿಫ್ಟ್, ಮೈವೂಶ್‌ನಂಥ ಆ್ಯಪ್‌ಗಳು ಆ ವ್ಯಾಟ್, ಸವಾರನ ತೂಕ, ಎತ್ತರ ಮೂರನ್ನೂ ಲೆಕ್ಕಕ್ಕೆ ಹಾಕಿ, ಪರದೆಯ ಮೇಲಿನ ಗೊಂಬೆ ಸವಾರನ ವೇಗ ನಿರ್ಧರಿಸುತ್ತವೆ. ಮುಂದಿನವನ ಬೆನ್ನಿಗೆ ಅಂಟಿಕೊಂಡರೆ ಗಾಳಿಯ ತಡೆ ಕಡಿಮೆಯಾಗುವುದನ್ನೂ ಲೆಕ್ಕದಲ್ಲೇ ಕೊಡುತ್ತವೆ.

ಜ್ವಿಫ್ಟ್ 2014ರಲ್ಲಿ ಶುರುವಾದಾಗ ಇದು ಚಳಿದೇಶದವರ ಚಳಿಗಾಲದ ಕಸರತ್ತಾಗಿತ್ತು. ಕೊರೋನಾ ಬಂದು ರಸ್ತೆಗಳು ಮುಚ್ಚಿದ ಮೇಲೆ ಮಾತೇ ಬದಲಾಯಿತು. 2020ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಹೆಸರಾಂತ ಟೂರ್ ಆಫ್ ಫ್ಲಾಂಡರ್ಸ್ ರಸ್ತೆಯ ಬದಲು ಪರದೆಯ ಮೇಲೆ, 13 ವೃತ್ತಿಪರ ಸವಾರರ ನಡುವೆ ನಡೆಯಿತು. ಜುಲೈನಲ್ಲಿ ಟೂರ್ ದ ಫ್ರಾನ್ಸ್‌ಗೂ ಒಂದು ಆನ್‌ಲೈನ್ ರೂಪ ಬಂತು. ಅದೇ ವರ್ಷ ಡಿಸೆಂಬರ್ 9ರಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಷಿಪ್ಪನ್ನೇ ಆರಂಭಿಸಿತು. ಗೆದ್ದವರಿಗೆ ವಿಶ್ವ ಚಾಂಪಿಯನ್ನರ ಅಂಗಿ. ಪುರುಷರಲ್ಲಿ ಅದನ್ನು ತೊಟ್ಟ ಜರ್ಮನಿಯ ಜೇಸನ್ ಓಸ್ಬೋರ್ನ್ ಮೂಲತಃ ದೋಣಿ ಹುಟ್ಟುಹಾಕುವ ಕ್ರೀಡಾಪಟು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆ ಕ್ರೀಡೆಯಲ್ಲೇ ಬೆಳ್ಳಿ ಗೆದ್ದು, ಆಮೇಲೆ ವೃತ್ತಿಪರ ಸೈಕ್ಲಿಂಗ್ ತಂಡ ಸೇರಿದ.

ಓಸ್ಬೋರ್ನ್‌ಗಿಂತ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಆಸ್ಟ್ರೇಲಿಯಾದ ಜೇ ವೈನ್. ಸೈಕ್ಲಿಂಗ್‌ನ ದೊಡ್ಡ ತಂಡಗಳು ಹೆಚ್ಚಾಗಿ ಯುರೋಪಿನಲ್ಲಿವೆ. ಅಲ್ಲಿಗೆ ಹೋಗಿ ವರ್ಷಗಟ್ಟಲೆ ಇದ್ದು ಓಡಿಸಿ ತೋರಿಸದೆ ಸಾಮಾನ್ಯವಾಗಿ ಯಾರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ವೈನ್ ಮಾತ್ರ 2020ರ ಜ್ವಿಫ್ಟ್ ಅಕಾಡೆಮಿ ಎಂಬ ಆನ್‌ಲೈನ್ ಆಯ್ಕೆ ಸ್ಪರ್ಧೆಯಲ್ಲಿ ಗೆದ್ದು ವೃತ್ತಿಪರ ತಂಡದ ಕರಾರು ಪಡೆದ. 2022ರಲ್ಲಿ ಇ-ಸ್ಪೋರ್ಟ್ಸ್ ವಿಶ್ವ ಪ್ರಶಸ್ತಿಯನ್ನೂ ಗೆದ್ದ, ಅದೇ ವರ್ಷ ಸ್ಪೇನಿನ ವುಯೆಲ್ಟಾ ರೇಸಿನ ಎರಡು ಹಂತಗಳಲ್ಲಿ, ನಿಜವಾದ ಬೆಟ್ಟದ ರಸ್ತೆಯಲ್ಲಿ, ಮೊದಲಿಗನಾಗಿ ಗುರಿ ಮುಟ್ಟಿದ. ಯಂತ್ರ ಹೇಳಿದ್ದು ಸುಳ್ಳಾಗಲಿಲ್ಲ. ಯುರೋಪಿನಿಂದ ದೂರವಿರುವುದೇ ಕೊರತೆಯಾದ ಬನಹಟ್ಟಿಯ ಹುಡುಗನಿಗೋ ಲೋಕಾಪುರದ ಹುಡುಗಿಗೋ ಇದಕ್ಕಿಂತ ದೊಡ್ಡ ಸುದ್ದಿ ಯಾವುದಿದೆ? ಈ ಪದ್ಧತಿಯ ಪರವಾಗಿ ಹೇಳಬಹುದಾದ ಅತ್ಯಂತ ಗಟ್ಟಿ ಮಾತು ಇದೇ. ಮುಂದೆ ನಾನು ಎತ್ತುವ ಯಾವ ತಕರಾರೂ ಇದನ್ನು ಅಳಿಸಿಹಾಕುವುದಿಲ್ಲ.

ತಕರಾರು ಶುರುವಾಗುವುದು ಅಳತೆಯಲ್ಲಿ. ನಮ್ಮ ಭಾಗದ ತೆರಬಂಡಿ ಸ್ಪರ್ಧೆ ನೆನಪಿಸಿಕೊಳ್ಳಿ. ಭಾರ ಹೇರಿದ ಬಂಡಿಯನ್ನು ಗೊತ್ತುಪಡಿಸಿದ ಸಮಯದಲ್ಲಿ ಎತ್ತಿನ ಜೋಡಿ ಎಷ್ಟು ದೂರ ಎಳೆಯಿತು ಎಂಬುದು ಅಲ್ಲಿನ ಲೆಕ್ಕ. ಭೌತಶಾಸ್ತ್ರದ ಕಣ್ಣಿನಿಂದ ಅದೂ ಸಾಮರ್ಥ್ಯ ಅಳೆಯುವ ಆಟವೇ, ಸ್ಮಾರ್ಟ್ ಟ್ರೇನರ್ ಮಾಡುವುದೂ ಅದನ್ನೇ. ಆದರೆ ಅಲ್ಲಿ ಎಲ್ಲ ಜೋಡಿಗೂ ಅದೇ ಬಂಡಿ, ಅದೇ ನೆಲ, ಅದೇ ಪಂಚರು. ಒಬ್ಬೊಬ್ಬ ರೈತ ತನ್ನ ಹೊಲದಲ್ಲಿ ತನ್ನ ಬಂಡಿ ಎಳೆಸಿ, ಇಷ್ಟು ಅಡಿ ಹೋಯಿತು ಎಂದು ಫೋನಿನಲ್ಲಿ ಹೇಳಿದರೆ ಯಾವ ಊರಿನವರೂ ಬಹುಮಾನ ಕೊಡುವುದಿಲ್ಲ. ಆನ್‌ಲೈನ್ ರೇಸಿನಲ್ಲಿ ನಡೆಯುವುದು ಹೆಚ್ಚುಕಡಿಮೆ ಇದೇ.

ಒಳ್ಳೆಯ ಟ್ರೇನರ್ ಶೇ 2ರಷ್ಟು ಆಚೀಚೆ ತೋರಿಸಬಹುದೆಂದು ಇಟ್ಟುಕೊಳ್ಳಿ. 300 ವ್ಯಾಟ್ ಹಾಕುವ ಇಬ್ಬರಲ್ಲಿ ಒಬ್ಬನ ಯಂತ್ರ 306, ಇನ್ನೊಬ್ಬನದು 294 ತೋರಿಸುತ್ತದೆ. ಈ 12 ವ್ಯಾಟ್ ಅಂತರದಲ್ಲಿ ಏರುದಾರಿಯ ಗುಂಪು ಒಡೆದುಹೋಗುತ್ತದೆ. ಇಬ್ಬರಲ್ಲಿ ಯಾರದೂ ಮೋಸವಿಲ್ಲ, ಆದರೂ ಫಲಿತಾಂಶ ತಪ್ಪು.

ತೂಕದ ವಿಷಯ ಇನ್ನೂ ಸೂಕ್ಷ್ಮ. ಏರಿನಲ್ಲಿ ನಿರ್ಣಾಯಕವಾಗುವುದು ಒಂದು ಕಿಲೋ ದೇಹತೂಕಕ್ಕೆ ಎಷ್ಟು ವ್ಯಾಟ್ ಎಂಬುದು. 70 ಕಿಲೋ ತೂಗುವವನು 300 ವ್ಯಾಟ್ ಹಾಕಿದರೆ ಅದು ಕಿಲೋಗೆ 4.29. ಆ್ಯಪ್‌ನಲ್ಲಿ ತನ್ನ ತೂಕ 65 ಎಂದು ಬರೆದುಬಿಟ್ಟರೆ ಪೆಡಲ್ ಒಂದಿಷ್ಟೂ ಹೆಚ್ಚು ಒತ್ತದೆ 4.62 ಆಗುತ್ತದೆ. ಗರಡಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತೂಕದ ಕಾಟಾ ಪಂಚರ ಕೈಯಲ್ಲಿರಬೇಕು, ಪೈಲ್ವಾನರ ಬಾಯಲ್ಲಲ್ಲ. ದೊಡ್ಡ ಆನ್‌ಲೈನ್ ರೇಸ್‌ಗಳಲ್ಲಿ ತೂಗುವ ವಿಡಿಯೊ ಕಳಿಸಬೇಕು, ಎರಡನೆಯ ಮೀಟರಿನಲ್ಲೂ ವ್ಯಾಟ್ ದಾಖಲಿಸಬೇಕು ಎಂಬ ನಿಯಮಗಳು ಬಂದದ್ದು ಇದಕ್ಕೇ. ಅಷ್ಟಾದರೂ ಮೋಸಕ್ಕೆ ದಾರಿಗಳಿವೆ. 2019ರಲ್ಲಿ ಬ್ರಿಟನ್ನಿನ ಮೊದಲ ಇ-ರೇಸಿಂಗ್ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದವನಿಂದ ವಾಪಸ್ ಪಡೆದರು. ಆಟದೊಳಗಿನ ವೇಗದ ಸೈಕಲ್ಲೊಂದನ್ನು ಆತ ಸ್ವಂತ ಕಾಲಿನ ಬಲದಿಂದ ಗಳಿಸದೆ, ಕಂಪ್ಯೂಟರಿನಿಂದ ಪೆಡಲ್ ತುಳಿಸಿ ಗಳಿಸಿದ್ದ. 250 ಪೌಂಡ್ ದಂಡ, ಆರು ತಿಂಗಳು ನಿಷೇಧ.

ಇದು ಸೈಕಲ್ಲಿಗೊಂದೇ ಅಂಟಿದ ರೋಗವಲ್ಲ. ಅಮೆರಿಕದಲ್ಲಿ ಪಿನ್‌ಬಾಲ್ ಯಂತ್ರಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹವ್ಯಾಸಿಗಳಿದ್ದಾರೆ. ನಮ್ಮ ಮನೆಗಳಲ್ಲಿ ಮಕ್ಕಳು ಗೋಲಿ ಚಿಮ್ಮಿಸಿ ಮೊಳೆಗಳ ನಡುವೆ ಓಡಿಸುವ ಬ್ಯಾಗಟೆಲ್ ಹಲಗೆಯ ಅಣ್ಣನೇ ಈ ಪಿನ್‌ಬಾಲ್. 2021ರಲ್ಲಿ ಸ್ಟರ್ನ್ ಕಂಪನಿ ತನ್ನ ಯಂತ್ರಗಳಿಗೆ ಇಂಟರ್‌ನೆಟ್ ಜೋಡಿಸಿ, ಯಾರ ಮನೆಯ ಅಂಕ ಎಷ್ಟು ಎಂದು ಒಂದೇ ಪಟ್ಟಿಯಲ್ಲಿ ತೋರಿಸುವ ವ್ಯವಸ್ಥೆ ತಂದಿತು. ಆದರೆ ಪಿನ್‌ಬಾಲ್ ಮೇಜಿನ ಇಳಿಜಾರು ಸುಮಾರು ಆರೂವರೆ ಡಿಗ್ರಿ ಇರಬೇಕು; ಕಾಲಿನ ತಿರುಪು ಒಂದಿಷ್ಟು ತಿರುಗಿಸಿದರೆ ಚೆಂಡಿನ ವೇಗವೇ ಬೇರೆ, ರಬ್ಬರ್ ಸವೆದಿದ್ದರೆ ಪುಟಿಯುವ ರೀತಿಯೇ ಬೇರೆ. ತಂತಿಯಲ್ಲಿ ಹೋಗುವುದು ಅಂಕ ಮಾತ್ರ, ಮೇಜು ಹೋಗುವುದಿಲ್ಲ.

ಯಾವ ಮೀಟರೂ ಅಳೆಯದ ಇನ್ನೊಂದು ಅನ್ಯಾಯ ನಮ್ಮ ಸೀಮೆಯವರನ್ನೇ ಹೆಚ್ಚು ತಟ್ಟುತ್ತದೆ, ಮತ್ತು ಇದರ ಚರ್ಚೆ ಸಾಕಷ್ಟು ನಡೆದಿಲ್ಲ. ಅದು ಕೋಣೆಯ ಬಿಸಿ. ರಸ್ತೆಯಲ್ಲಿ ಓಡುವಾಗ ಎದುರುಗಾಳಿಯೇ ಮೈ ತಣಿಸುತ್ತದೆ. ನಿಂತ ಸೈಕಲ್ಲಿನ ಮೇಲೆ ಆ ಗಾಳಿಯಿಲ್ಲ. ಮೈ ಕಾದಂತೆ ರಕ್ತ ಚರ್ಮದ ಕಡೆ ಹರಿಯುತ್ತದೆ, ಸ್ನಾಯುವಿಗೆ ಸಿಗುವ ಪಾಲು ಕಡಿಮೆಯಾಗುತ್ತದೆ, ವ್ಯಾಟ್ ಬೀಳುತ್ತದೆ. ನಾರ್ವೆಯ ತಣ್ಣನೆಯ ಗ್ಯಾರೇಜಿನಲ್ಲಿ ಪೆಡಲ್ ತುಳಿಯುವವನಿಗೂ ಏಪ್ರಿಲ್ ತಿಂಗಳು 40 ಡಿಗ್ರಿ ದಾಟಿದಾಗ ಮುಧೋಳದ ಪತ್ರಾಸಿನ ಮನೆಯಲ್ಲಿ ತುಳಿಯುವವನಿಗೂ ಒಂದೇ ಪಟ್ಟಿಯಲ್ಲಿ ಸ್ಥಾನ ಕೊಡುವ ಪಂದ್ಯ ಬಲವನ್ನಷ್ಟೇ ಅಳೆಯುತ್ತಿಲ್ಲ, ಹವೆಯನ್ನೂ ಅಳೆಯುತ್ತಿದೆ.

ಇದರ ಮೇಲೆ ಕರೆಂಟು. ರಬಕವಿ-ಬನಹಟ್ಟಿಯ ನೇಕಾರರಿಗೆ ಕರೆಂಟು ಕೈಕೊಟ್ಟರೆ ಮಗ್ಗ ನಿಲ್ಲುವುದು ಏನೆಂದು ಗೊತ್ತು. ಆನ್‌ಲೈನ್ ರೇಸಿನಲ್ಲಿ ವಿದ್ಯುತ್ತೋ ನೆಟ್‌ವರ್ಕೋ ಹೋದ ಗಳಿಗೆಗೆ ಪರದೆಯ ಸವಾರ ನಿಂತುಬಿಡುತ್ತಾನೆ, ಗುಂಪು ಮುಂದೆ ಹೋಗುತ್ತದೆ, ಮತ್ತೆ ಹಿಡಿಯುವ ಮಾತಿಲ್ಲ. 2020ರ ಆಗಸ್ಟ್ 30ರಂದು ಆನ್‌ಲೈನ್ ಚೆಸ್ ಒಲಿಂಪಿಯಾಡ್ ಫೈನಲ್‌ನಲ್ಲಿ ಭಾರತದ ಆಟಗಾರರ ಸಂಪರ್ಕ ಕಡಿದು ಸಮಯ ಮೀರಿದಾಗ ಕೊನೆಗೆ ಭಾರತ, ರಷ್ಯಾ ಎರಡಕ್ಕೂ ಚಿನ್ನ ಹಂಚಿದರು. ದೇಶದ ತಂಡಕ್ಕಾಗಿ ಮೇಲ್ಮನವಿ ಹಾಕುವವರಿದ್ದರು, ಅದು ಉಳಿಯಿತು. ಬೀಳಗಿಯ ಒಬ್ಬ ಹುಡುಗನಿಗಾಗಿ ಹಾಕುವವರು ಯಾರು?

ಇನ್ನು ರಸ್ತೆ ಕಲಿಸುವ ವಿದ್ಯೆ. ಎರೆಯ ಬಯಲಿನಲ್ಲಿ ಅಡ್ಡಗಾಳಿ ಬೀಸಿದಾಗ ಗುಂಪು ಓರೆಯಾಗಿ ಹರಡುತ್ತದೆ. ಯಾರ ಯಾವ ಮಗ್ಗುಲಿಗೆ ಅಡಗಬೇಕು, ಯಾವಾಗ ಮುಂದೆ ಹೋಗಿ ಗಾಳಿಗೆ ಎದೆಯೊಡ್ಡಬೇಕು ಎಂಬುದು ಇಲ್ಲಿನ ಮಕ್ಕಳು ಚಿಕ್ಕಂದಿನಿಂದ ಮೈಯಲ್ಲೇ ಕಲಿತದ್ದು. ತಿರುವಿನಲ್ಲಿ ಬ್ರೇಕ್ ಹಿಡಿಯದೆ ಹೋಗುವ ಧೈರ್ಯ, ಪಕ್ಕದವನ ಮೊಣಕೈ ತಾಗಿದರೂ ಬೀಳದ ಹದ, ಕೊನೆಯ 200 ಮೀಟರಿಗೆ ಮುನ್ನ ಸರಿಯಾದ ಬೆನ್ನು ಹುಡುಕುವ ಕಣ್ಣು, ಇವುಗಳಿಗೆ ಪರದೆಯಲ್ಲಿ ಬೆಲೆ ಬಹಳ ಕಡಿಮೆ. ಆ್ಯಪ್‌ಗಳು ಮುಂದಿನವನ ಬೆನ್ನಿಗೆ ಅಂಟಿಕೊಳ್ಳುವ ಲಾಭವನ್ನು ಚೆನ್ನಾಗಿಯೇ ಲೆಕ್ಕ ಹಾಕುತ್ತವೆ, ಅದರಲ್ಲೂ ಜಾಣತನದ ಆಟವಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಬೀಳುವ ಭಯವಿಲ್ಲದ ಕಡೆ ಸೈಕಲ್ ವಿದ್ಯೆಯ ಅರ್ಧ ಭಾಗವೇ ಪರೀಕ್ಷೆಗೆ ಬರುತ್ತದೆ. ಆ ಅರ್ಧವನ್ನು, ಅಂದರೆ ಎದೆ ಮತ್ತು ಕಾಲಿನ ಬಲವನ್ನು, ಜರಡಿ ಹಿಡಿಯಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಪೂರ್ತಿ ಸವಾರನನ್ನು ಇದರಿಂದ ಆರಿಸಲು ಹೊರಟರೆ ತಪ್ಪಾಗುತ್ತದೆ.

ಹಾಗಾದರೆ ಪರಿಹಾರ? ಜಾಗತಿಕ ಒಕ್ಕೂಟವೇ ಅದರ ಸುಳಿವು ಕೊಟ್ಟಿದೆ. 2024ರ ಇ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್ಲನ್ನು ಮನೆಮನೆಯಿಂದ ಬಿಡಿಸಿ, ಅರ್ಹರಾದವರನ್ನೆಲ್ಲ ಅಬುಧಾಬಿಯ ಒಂದೇ ಸಭಾಂಗಣಕ್ಕೆ ಕರೆಸಿ ನಡೆಸಿದರು. ಓಸ್ಬೋರ್ನ್ ಅಲ್ಲೂ ಗೆದ್ದ. ಮನೆಯಿಂದ ಗೆದ್ದಿದ್ದ ಪ್ರಶಸ್ತಿಗೆ ಅದಕ್ಕಿಂತ ದೊಡ್ಡ ಸಮರ್ಥನೆ ಬೇಕಿರಲಿಲ್ಲ. ನಾವೂ ಅದನ್ನೇ ಸಣ್ಣ ಪ್ರಮಾಣದಲ್ಲಿ ಮಾಡಬೇಕು. ಟ್ರೇನರ್ ಒಂದಕ್ಕೆ ಅರ್ಧ ಲಕ್ಷ ರೂಪಾಯಿಯ ಆಸುಪಾಸು ಬೆಲೆ, ಜ್ವಿಫ್ಟ್‌ಗೆ ತಿಂಗಳಿಗೆ 20 ಡಾಲರ್. ಕೂಲಿ ಮಗ್ಗದ ಮನೆಗೆ ಇದು ದುಬಾರಿ, ಒಂದು ವಸತಿನಿಲಯಕ್ಕೆ ಅಲ್ಲ. ಮೈವೂಶ್ ಅಂತೂ ಉಚಿತ. ಚಿಕ್ಕಪಡಸಲಗಿಯಲ್ಲಿ ರೈತರೇ ವಂತಿಗೆ ಕೂಡಿಸಿ, ತಾವೇ ದುಡಿದು 1989ರಲ್ಲಿ ಕೃಷ್ಣೆಗೆ ಶ್ರಮಬಿಂದು ಸಾಗರ ಬ್ಯಾರೇಜ್ ಕಟ್ಟಿದ ತಾಲ್ಲೂಕು ಜಮಖಂಡಿ. ಇಲ್ಲಿ ಎಂಟು ಯಂತ್ರಗಳ ಒಂದು ಕೋಣೆ ಆಗದ ಮಾತೇನಲ್ಲ. ಎಲ್ಲವೂ ಒಂದೇ ಕಂಪನಿಯವು, ಒಂದೇ ದಿನ ತಾಳೆ ನೋಡಿದವು. ಬಾಗಿಲಲ್ಲಿ ಒಂದು ಕಾಟಾ, ತೂಕ ಬರೆದುಕೊಳ್ಳುವ ಕೋಚ್. ದೊಡ್ಡ ಫ್ಯಾನುಗಳು, ಬ್ಯಾಟರಿ ಇನ್ವರ್ಟರ್, ಎರಡು ಬೇರೆ ಕಂಪನಿಗಳ ಇಂಟರ್‌ನೆಟ್.

ಅಂಥ ಕೋಣೆಯಿಂದ ಹೆಚ್ಚು ಲಾಭ ಹೆಣ್ಣುಮಕ್ಕಳಿಗೆ. ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯಲು ಶುರುಮಾಡಿದ ಮೇಲೆ ಮುಧೋಳ, ಜಮಖಂಡಿ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್‌ಗಳ ಸಾಲು ರಾತ್ರಿಯೆಲ್ಲ ಓಡುತ್ತದೆ. ಎಷ್ಟೋ ಟ್ರೇಲರ್‌ಗಳಿಗೆ ಹಿಂದಿನ ದೀಪ ಇರುವುದಿಲ್ಲ. ಬೆಳಗಿನ ಐದರ ಕತ್ತಲಲ್ಲಿ ಮಗಳನ್ನು ಆ ರಸ್ತೆಗೆ ಕಳಿಸಲು ಯಾವ ತಾಯಿ ಒಪ್ಪಿಯಾಳು? ಸೀಜನ್ನಿನ ಆ ಕೆಲವು ತಿಂಗಳು ಬಲದ ತಾಲೀಮನ್ನು ಒಳಗೆ ಮಾಡಿಸಿ, ಗುಂಪಿನಲ್ಲಿ ಓಡಿಸುವ ತಾಲೀಮಿಗೆ ಮಾತ್ರ ಹಗಲು ಹೊತ್ತಿನಲ್ಲಿ, ಹಿಂದೆ ಜೀಪು ಇಟ್ಟುಕೊಂಡು ರಸ್ತೆಗೆ ಇಳಿಸಬಹುದು. ವಸತಿನಿಲಯದ ಆಯ್ಕೆಯೂ ಹೀಗೆಯೇ ಎರಡು ಹಂತದಲ್ಲಿ ಆಗಲಿ: ಮೊದಲು ಕೋಣೆಯಲ್ಲಿ ವ್ಯಾಟ್, ಆಮೇಲೆ ಅದೇ ವಾರ ಬಯಲ ರಸ್ತೆಯಲ್ಲಿ ಶರ್ಯತ್ತು. ಎರಡರ ಅಂಕಗಳನ್ನೂ ಬೇರೆ ಬೇರೆಯಾಗಿ ಗೋಡೆಗೆ ಅಂಟಿಸಲಿ.