ಸಾಸಿವೆಯಷ್ಟು ಸಾಕು

ಅರಳಸುರಳಿ ಕಡೆಯ ಅಡಿಕೆ ತೋಟಗಳಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದವರಿಗೆ ಕೊಕ್ಕೆಹುಳು ಹೊಸ ಹೆಸರಲ್ಲ. ನೆರಳು, ತೇವ, ಮೆತ್ತನೆ ಮಣ್ಣು ಸಿಕ್ಕರೆ ಅದರ ಮರಿ ಪಾದದ ಚರ್ಮ ಕೊರೆದೇ ಒಳಗೆ ಬರುತ್ತದೆ. ಅದನ್ನು ಪತ್ತೆ ಹಚ್ಚುವವರಿಗೆ ಯಾರಾದರೂ ಶಾಲು ಹೊದಿಸಿದ್ದನ್ನು ಮಾತ್ರ ನಾ ಕಾಣೆ.

ತೀರ್ಥಹಳ್ಳಿಯ ಲ್ಯಾಬೊಂದರಲ್ಲಿ ಪೇಪರಿನಲ್ಲಿ ಸುತ್ತಿದ ಮಲದ ಡಬ್ಬಿ ಕೊಟ್ಟು ನಾಚಿಕೊಂಡು ನಿಂತಿದ್ದೆ. "ಎಷ್ಟೊತ್ತಿಂದು ಇದು?" ಅಲ್ಲಿನ ಅಕ್ಕ ಕೇಳಿದ್ದು ಮಜ್ಜಿಗೆಯ ವಿಚಾರದಷ್ಟೇ ಸಲೀಸಾಗಿ. ಅದರಲ್ಲಿ ಅಮೀಬಾ ಇದ್ದರೆ, ತಡವಾದಾಗ ಅದರ ಓಡಾಟ ನಿಂತುಹೋಗುತ್ತದೆ.

ಗಾಜಿನ ಪಟ್ಟಿಯ ಒಂದು ತುದಿಗೆ ಶೇ. 0.85ರ ಉಪ್ಪುನೀರಿನ ಹನಿ, ಇನ್ನೊಂದಕ್ಕೆ ಅಯೋಡಿನ್. ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ತೆಗೆದು ಕದಡಿ, ಕವರ್‌ಸ್ಲಿಪ್ಪನ್ನು ಓರೆಯಾಗಿ ಇಳಿಸಿದರು. ಒಂದು ಗುಳ್ಳೆಯೂ ಸಿಕ್ಕಿಕೊಳ್ಳಲಿಲ್ಲ. ಆಮೇಲೆ ಗಾಜನ್ನು ಹಳೇ ಪೇಪರಿನ ಮೇಲೆ ಹಿಡಿದರು. ಅಕ್ಷರ ಓದಲು ಬಂದರೆ ಹದ ಸರಿ. ಬೆಲ್ಲದ ಪಾಕದ ಎಳೆ ನೋಡುವವರ ಕೈ ನೆನಪಾಯಿತು.

ಸೂಕ್ಷ್ಮದರ್ಶಕದಲ್ಲಿ ನೋಡುವುದೂ ಗದ್ದೆ ಉತ್ತ ಹಾಗೆ, ಸಾಲಿನಿಂದ ಸಾಲಿಗೆ, ಒಂದಿಂಚೂ ಬಿಡದೆ. "ಬನ್ನಿ, ಸಿಕ್ತು." ಕಸದ ನಡುವೆ ಕೊಕ್ಕೆಹುಳುವಿನ ತೆಳುಚಿಪ್ಪಿನ ಒಂದು ಮೊಟ್ಟೆ, ಉದ್ದ ಸುಮಾರು 60 ಮೈಕ್ರಾನ್. ಒಳಗೆ ನಾಲ್ಕು ಕೋಶ, ಸುತ್ತ ತಿಳಿನೀರಿನಂಥ ಅಂಚು. ಎಷ್ಟು ಚೆಂದ ಮಾರಾಯ್ರೇ, ನನ್ನ ಹೊಟ್ಟೆಯದೆಂಬುದೇ ಮರೆಯಿತು! ಜಂತುಹುಳುವಿನದಾದರೆ ಪಿತ್ತದ ಬಣ್ಣ ಹಿಡಿದು ಕಂದು, ಮೈಯೆಲ್ಲ ಹಲಸಿನಂತೆ ಉಬ್ಬುತಗ್ಗು. ಚಾಟಿಹುಳುವಿನದು ಎರಡೂ ತುದಿಗೆ ಬಿರಡೆ ಹಾಕಿದ ಪೀಪಾಯಿ. ಹೂವಿನ ಪರಾಗವೂ ಒಮ್ಮೊಮ್ಮೆ ಮೊಟ್ಟೆಯ ವೇಷ ಕಟ್ಟುತ್ತದಂತೆ. ಆ ಕಣ್ಣು ಮೋಸಹೋಗುವುದಿಲ್ಲ.

ವರದಿಯಲ್ಲಿ ಬಂದದ್ದು ಒಂದೇ ಸಾಲು. ಅಷ್ಟರಲ್ಲಿ ಅಕ್ಕ ಮುಂದಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದರು.