ಕೈಫೋನಿನ ಕಲಹದಲ್ಲಿ ವಾದವೂ ವಿತಂಡವೂ

ತಾರ್ಕಿಕರು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿರುವರು. ತತ್ತ್ವವನ್ನು ತಿಳಿಯಬೇಕೆಂಬ ಇಚ್ಛೆಯಿಂದ ಇಬ್ಬರು ನಡೆಸುವ ಮಾತು ವಾದ. ಹೇಗಾದರೂ ಗೆಲ್ಲಬೇಕೆಂಬ ಛಲದಿಂದ ನಡೆಸುವುದು ಜಲ್ಪ. ತನ್ನದೆಂಬ ಪಕ್ಷವೊಂದನ್ನೂ ಸ್ಥಾಪಿಸದೆ ಎದುರಾಳಿಯ ಮಾತನ್ನು ಕೆಡಿಸುವುದಷ್ಟೇ ಗುರಿಯಾಗಿರುವುದು ವಿತಂಡ. ಪಾಠಶಾಲೆಯ ಹುಡುಗರು ಬಾಯಿಪಾಠ ಮಾಡುವ ಈ ವಿಭಾಗಕ್ಕೆ ಇಂದು ಉದಾಹರಣೆಗಳನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಅಣ್ಣನ ಕೈಯಲ್ಲಿ ಆಪಲ್ ಕಂಪನಿಯ ಐಫೋನು, ತಮ್ಮನ ಕೈಯಲ್ಲಿ ಸ್ಯಾಮ್‌ಸಂಗ್ ಕಂಪನಿಯ ಗ್ಯಾಲಕ್ಸಿ ಇದ್ದರೆ ಸಾಕು. ಊಟದ ಎಲೆಯ ಮುಂದೆಯೇ ಮೂರೂ ಕಾಣಸಿಗುವುವು. ಒಬ್ಬನ ಫೋನಿನಲ್ಲಿ ದೋಷವನ್ನೆತ್ತಿದರೆ, ಅವನ ಕುಲಗೋತ್ರಗಳನ್ನೇ ಜರೆದಂತೆ ಮುಖ ಕೆಂಪಾಗುವುದು. ಒಂದು ಉಪಕರಣದ ಗುಣದೋಷವಿಚಾರವು ಮಾನಾಪಮಾನದ ಪ್ರಶ್ನೆಯಾದುದು ಹೇಗೆಂಬುದು ವಿಮರ್ಶೆಗೆ ತಕ್ಕ ವಿಷಯವೇ ಆಗಿದೆ.

ಈ ಕಲಹದಲ್ಲಿ ಹೆಸರಾದ ಪ್ರಕರಣವೊಂದನ್ನು ಮೊದಲು ಪರಿಶೀಲಿಸಬಹುದು. 2016ನೆಯ ಸೆಪ್ಟೆಂಬರಿನಲ್ಲಿ ಹೊರಬಂದ ಐಫೋನ್ 7ರಲ್ಲಿ, ಇಯರ್‌ಫೋನಿನ ತಂತಿಯನ್ನು ಸಿಕ್ಕಿಸುವ 3.5 ಮಿಲಿಮೀಟರ್ ರಂಧ್ರವನ್ನು ಆಪಲ್ ತೆಗೆದುಹಾಕಿತು. ಒಳಗಿನ ಸ್ಥಳ ಬೇರೆ ಭಾಗಗಳಿಗೆ ಬೇಕೆಂಬ ಕಾರಣವನ್ನು ಹೇಳಿದರು. ಕಂಪನಿಯ ಫಿಲ್ ಶಿಲ್ಲರ್ ಅವರು ವೇದಿಕೆಯ ಮೇಲೆ ಇದಕ್ಕೆ ‘ಧೈರ್ಯ’ವೆಂಬ ಹೆಸರನ್ನೂ ಕೊಟ್ಟರು. ನೀರು ಒಳಸೇರದಂತೆ ತಡೆಯುವುದಕ್ಕೂ ಇದು ಅವಶ್ಯಕವೆಂದು ಅಭಿಮಾನಿಗಳಲ್ಲಿ ಕೆಲವರು ಸಮರ್ಥಿಸಿದರು. ಆದರೆ ಅದೇ ವರ್ಷದ ಮಾರ್ಚಿಯಲ್ಲಿ ಮಾರಾಟಕ್ಕೆ ಬಂದ ಗ್ಯಾಲಕ್ಸಿ ಎಸ್ 7, ಆ ರಂಧ್ರವನ್ನು ಉಳಿಸಿಕೊಂಡೇ ನೀರನ್ನು ತಡೆಯುತ್ತಿತ್ತು. ಹೀಗೆ ಆ ಹೇತುವು ವ್ಯಭಿಚರಿತವಾಯಿತು. ರಂಧ್ರ ಹೋದ ದಿನವೇ ತಂತಿಯಿಲ್ಲದ ಏರ್‌ಪಾಡ್ಸ್ ಎಂಬ ಬೇರೊಂದು ಸರಕನ್ನು ಅದೇ ಕಂಪನಿಯು ಪ್ರಕಟಿಸಿದುದನ್ನು ನೆನೆದರೆ, ಹೇಳದೆ ಬಿಟ್ಟ ಕಾರಣವೂ ಒಂದಿತ್ತೆಂದು ಊಹಿಸುವುದು ತಪ್ಪಾಗಲಾರದು.

ಇಷ್ಟರಿಂದ ಪ್ರತಿಪಕ್ಷವು ಗೆದ್ದಿತೆಂದು ತಿಳಿಯಬಾರದು. 2017ನೆಯ ನವೆಂಬರಿನಲ್ಲಿ ಸ್ಯಾಮ್‌ಸಂಗ್ ತನ್ನ ಜಾಹೀರಾತೊಂದರಲ್ಲಿ, ಐಫೋನಿನವರು ಇಯರ್‌ಫೋನಿಗಾಗಿ ತುಂಡು ತಂತಿಯನ್ನು ಹೊತ್ತು ತಿರುಗುವುದನ್ನು ಹಾಸ್ಯಮಾಡಿತು. 2019ನೆಯ ಆಗಸ್ಟಿನಲ್ಲಿ ತನ್ನದೇ ನೋಟ್ 10ರಿಂದ ಆ ರಂಧ್ರವನ್ನು ಕಿತ್ತುಹಾಕಿತು. 2014ರಲ್ಲಿ, ಬ್ಯಾಟರಿಯನ್ನು ಬದಲಿಸಲಾಗದೆ ವಿಮಾನನಿಲ್ದಾಣದ ಗೋಡೆಗೆ ಆತುಕೊಂಡು ಕುಳಿತಿರುವವರೆಂದು ಐಫೋನಿನವರನ್ನು ಅಣಕಿಸಿತು; ಮರುವರ್ಷವೇ ಗ್ಯಾಲಕ್ಸಿ ಎಸ್ 6ರ ಬ್ಯಾಟರಿಯನ್ನು ತೆಗೆಯಲಾಗದಂತೆ ಮುಚ್ಚಿಬಿಟ್ಟಿತು. 2020ನೆಯ ಅಕ್ಟೋಬರಿನಲ್ಲಿ ಐಫೋನ್ 12ರ ಡಬ್ಬಿಯಿಂದ ಚಾರ್ಜರು ಮಾಯವಾದಾಗ, ತಮ್ಮ ಫೋನಿನೊಡನೆ ಅದು ದೊರೆಯುವುದೆಂದು ಸ್ಯಾಮ್‌ಸಂಗಿನವರು ಚುಚ್ಚಿದರು. ಸುಮಾರು ಮೂರು ತಿಂಗಳಲ್ಲಿ ಎಸ್ 21ರ ಡಬ್ಬಿಯೂ ಬರಿದಾಯಿತು. ಇದು ಶುದ್ಧ ವಿತಂಡ. ಖಂಡಿಸಿದವನಿಗೆ ಸ್ವಪಕ್ಷವೆಂಬುದೇ ಇರಲಿಲ್ಲ. ಇದ್ದಿದ್ದರೆ ಅದನ್ನು ಇಷ್ಟು ಬೇಗ ಬಿಟ್ಟುಕೊಡುತ್ತಿರಲಿಲ್ಲ.

ಇಲ್ಲಿ ಪೂರ್ವಪಕ್ಷವೊಂದಕ್ಕೆ ಅವಕಾಶವನ್ನು ಕೊಡಬೇಕು. ನಿಷ್ಠೆಯೆಲ್ಲವೂ ಅಂಧವಲ್ಲ, ವರ್ಷಗಳ ಛಾಯಾಚಿತ್ರಗಳೂ ಪತ್ರವ್ಯವಹಾರವೂ ಬೆರಳುಗಳ ಅಭ್ಯಾಸವೂ ಒಂದು ಫೋನಿಗೆ ಹೊಂದಿಕೊಂಡ ಮೇಲೆ ಬೇರೊಂದಕ್ಕೆ ಹೋಗುವುದು ಮನೆಯನ್ನು ಬದಲಿಸಿದಷ್ಟೇ ತ್ರಾಸದ ಕೆಲಸವೆಂದು ಕೆಲವರು ಹೇಳುವರು. ಮಾತು ನಿಜವೇ. ಆದರೆ ಅದು ಉಳಿದುಕೊಳ್ಳುವುದಕ್ಕೆ ಕಾರಣವೇ ಹೊರತು ಹೊಗಳುವುದಕ್ಕೆ ಕಾರಣವಲ್ಲ. ಬಾಡಿಗೆಯ ಮನೆಯನ್ನು ಬಿಡಲಾಗದವನು ಅದರ ಸೋರುವ ಮಾಳಿಗೆಯನ್ನು ಕೊಂಡಾಡಬೇಕಾಗಿಲ್ಲವಷ್ಟೆ.

ಹಾಗಾದರೆ ತೂಗುವ ಮಾನದಂಡ ಯಾವುದು? ಕಾಶ್ಮೀರದ ಕ್ಷೇಮೇಂದ್ರನು ಕಾವ್ಯಕ್ಕೆ ಹೇಳಿದ ಔಚಿತ್ಯವೇ ಇಲ್ಲಿಯೂ ಸಾಕು. ಹಾರವು ಕೊರಳಿನಲ್ಲಿದ್ದರೆ ಭೂಷಣ, ಕಾಲಿನಲ್ಲಿದ್ದರೆ ಪರಿಹಾಸ. 2017ರ ಐಫೋನ್ 10ರಲ್ಲಿ ಪರದೆಯ ನೆತ್ತಿಯ ಮೇಲೆ ಕಚ್ಚೊಂದು ಕಾಣಿಸಿಕೊಂಡಾಗ ಜನ ನಕ್ಕರು. ಆದರೆ ಒಡೆಯನ ಮುಖವನ್ನು ಗುರುತಿಸುವ ಸಾಧನಗಳಿಗೆ ಅಲ್ಲಿ ಸ್ಥಳ ಬೇಕಾಗಿತ್ತು. ಅಂದಗೇಡಾದರೂ ಅದಕ್ಕೆ ಪ್ರಯೋಜನವುಂಟಾದ್ದರಿಂದ ಅದು ಕ್ಷಮ್ಯ. ಚಾರ್ಜರನ್ನು ಬಿಡುವುದರಲ್ಲಿ ಕಸವನ್ನು ಕಡಮೆಮಾಡುವ ಸದುದ್ದೇಶವನ್ನು ಹೇಳಿದರು. ಮನೆಯಲ್ಲಿ ಹಳೆಯದೊಂದು ಇರುವವರಿಗೆ ಅದು ಒಪ್ಪತಕ್ಕದ್ದೇ. ಆದರೆ ಡಬ್ಬಿಯೊಳಗೆ ಇಟ್ಟ ಹೊಸ ತಂತಿಯ ತುದಿಯು ಅದುವರೆಗಿನ ಬಹುಪಾಲು ಐಫೋನುಗಳೊಡನೆ ಬಂದಿದ್ದ ಚಾರ್ಜರಿಗೆ ಹೊಂದುತ್ತಿರಲಿಲ್ಲ. ಕಸವನ್ನು ಕಡಮೆಮಾಡುವೆನೆಂದವನು ಹೊಂದದ ತಂತಿಯನ್ನು ಕೊಟ್ಟುದು ಅನುಚಿತ. ರಂಧ್ರದ ವಿಷಯದಲ್ಲಿಯೂ, ತುಂಡು ತಂತಿಯನ್ನು ಮೊದಲು ಡಬ್ಬಿಯಲ್ಲಿಯೇ ಕೊಡುತ್ತಿದ್ದು, 2018ರಿಂದ ಅದಕ್ಕೂ ಬೇರೆಯಾಗಿ ಹಣ ತೆರುವಂತೆ ಮಾಡಿದುದು ‘ಧೈರ್ಯ’ದ ಮಾತಿಗೆ ಒಪ್ಪುವ ನಡತೆಯಲ್ಲ.

ಇನ್ನು ಯಜಮಾನರ ಸಂಗತಿಯನ್ನೂ ನೋಡಬೇಕು. ತನ್ನ ರೂಪವನ್ನು ಕದ್ದರೆಂದು 2011ರಲ್ಲಿ ಆಪಲ್ ಸ್ಯಾಮ್‌ಸಂಗಿನ ಮೇಲೆ ಹೂಡಿದ ವ್ಯಾಜ್ಯವು ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, 2018ರಲ್ಲಿ ರಾಜಿಯಲ್ಲಿ ಮುಗಿಯಿತು. ಆ ವ್ಯಾಜ್ಯ ನಡೆಯುತ್ತಿದ್ದಾಗಲೇ ಐಫೋನ್ 10ರ ಹೊಳೆಯುವ ಪರದೆಯನ್ನು ತಯಾರಿಸಿ ಕೊಟ್ಟವರು ಸ್ಯಾಮ್‌ಸಂಗಿನವರೇ! ಐಫೋನುಗಳು ಕೋಲಾರ ಜಿಲ್ಲೆಯ ನರಸಾಪುರದಲ್ಲಿಯೂ ಜೋಡಣೆಗೊಳ್ಳುತ್ತಿವೆ. ಸ್ಯಾಮ್‌ಸಂಗಿನ ಸಂಶೋಧನಾಲಯವು ಬೆಂಗಳೂರಿನಲ್ಲಿದೆ. ಒಡೆಯರು ಒಂದು ಕೈಯಲ್ಲಿ ದಾವೆ, ಇನ್ನೊಂದರಲ್ಲಿ ವ್ಯಾಪಾರ ನಡೆಸುತ್ತಿರುವಾಗ ಅಣ್ಣತಮ್ಮಂದಿರು ಮಾತು ಬಿಡುವುದು ವ್ಯರ್ಥವಲ್ಲದೆ ಮತ್ತೇನು?

ಈ ಪಕ್ಷಪಾತದಿಂದ ಆಗುವ ಹಾನಿ ಸಣ್ಣದಲ್ಲ. ಫೋನೆಂಬುದು ಅನೇಕ ಸಂಸಾರಗಳಲ್ಲಿ ತಿಂಗಳುಗಳ ಉಳಿತಾಯದಿಂದ ಬಂದ ವಸ್ತು. ಏನನ್ನು ಕಿತ್ತುಕೊಂಡರೂ ಹೊಗಳುವವರುಂಟೆಂದು ಮಾರುವವನಿಗೆ ತಿಳಿದರೆ, ಅವನು ಮುಂದಿನದನ್ನೂ ಕಿತ್ತುಕೊಳ್ಳುವನು. ಯುರೋಪಿನ ಒಕ್ಕೂಟವು 2022ರಲ್ಲಿ ಫೋನುಗಳೆಲ್ಲಕ್ಕೂ ಒಂದೇ ಬಗೆಯ ಚಾರ್ಜಿನ ರಂಧ್ರವಿರಬೇಕೆಂದು ಶಾಸನ ಮಾಡಿತು. 2023ರ ಐಫೋನ್ 15ರಲ್ಲಿ ಆಪಲ್ ಅದಕ್ಕೆ ತಲೆಬಾಗಿತು. ಕೊಳ್ಳುವವರ ವಿವೇಕವು ಮಾಡಬೇಕಾಗಿದ್ದ ಕೆಲಸವನ್ನು ಶಾಸನವು ಮಾಡಬೇಕಾಯಿತು.

ಸ್ತುತಿಪಾಠಕರ ನಡುವೆ ಯಾವ ಕವಿಯೂ ಬೆಳೆಯಲಾರ. ಯಾವ ಶಿಲ್ಪಿಯೂ ತಿದ್ದಿಕೊಳ್ಳಲಾರ. ತನ್ನ ಕೈಯಲ್ಲಿರುವ ವಸ್ತುವಿನ ದೋಷವನ್ನು ತಾನೇ ಮೊದಲು ಹೇಳಬಲ್ಲವನು ಮಾತ್ರ ವಾದಕ್ಕೆ ಅಧಿಕಾರಿ. ಅಣ್ಣತಮ್ಮಂದಿರು ಒಂದು ಸಂಜೆ ತಂತಮ್ಮ ಫೋನಿನ ಕುಂದುಗಳನ್ನು ತಾವೇ ಎಣಿಸಲಿ. ಜಗಳವು ನಿಲ್ಲುವುದು, ಚರ್ಚೆಯು ಆರಂಭವಾಗುವುದು.