ರಷ್ಯನ್ ಕ್ರಿಯಾಪದಕ್ಕೂ ಲೋಪಸಂಧಿ

ರಷ್ಯನ್ ಕಲಿಯಲು ಹೊರಟವರನ್ನು ಆ ಭಾಷೆಯ ಆರು ವಿಭಕ್ತಿಗಳ ಹೆಸರು ಹೇಳಿ ಹೆದರಿಸುವುದುಂಟು. ಶಾಲೆಯಲ್ಲಿ ಏಳು ವಿಭಕ್ತಿ ಉರು ಹೊಡೆದ ಕನ್ನಡಿಗರು ಅದಕ್ಕೆಲ್ಲ ಅಂಜಬೇಕಿಲ್ಲ. ನಿಜವಾಗಿ ಸತಾಯಿಸುವುದು ಕ್ರಿಯಾಪದ. ನನ್ನ ಮಟ್ಟಿಗೆ ಭಾಷೆಯ ರುಚಿ ಇರುವುದೂ ಅಲ್ಲೇ.

ಪಠ್ಯಪುಸ್ತಕಗಳು ಕ್ರಿಯಾಪದಗಳನ್ನು ಎರಡು ಗಣಗಳಾಗಿ ಹಂಚುತ್ತವೆ. ‘ನೀನು’ ಕರ್ತೃವಾದಾಗ ಒಂದು ಗಣಕ್ಕೆ ‘ಎಶ್’ ಪ್ರತ್ಯಯ, ಇನ್ನೊಂದಕ್ಕೆ ‘ಇಶ್’. ‘ಅವರು’ ಆದಾಗ ಒಂದಕ್ಕೆ ‘ಉತ್’, ಇನ್ನೊಂದಕ್ಕೆ ‘ಆತ್’. ಯಾವ ಪದ ಯಾವ ಗಣದ್ದು, ಪ್ರತ್ಯಯ ಹತ್ತಿದಾಗ ಅದರ ರೂಪ ಹೇಗಾಗುತ್ತದೆ ಎಂಬಲ್ಲಿ ತೊಡಕು ಶುರು. ನಿಘಂಟಿನಲ್ಲಿ ಓದುವುದಕ್ಕೆ ‘ಚಿತಾತ್’, ಬರೆಯುವುದಕ್ಕೆ ‘ಪಿಸಾತ್’ ಎಂದಿರುತ್ತದೆ. ಎರಡರ ಕೊನೆಯೂ ಒಂದೇ. ಆದರೆ ಅವರು ಓದುತ್ತಾರೆ ಎನ್ನಲು ‘ಚಿತಾಯುತ್’, ಬರೆಯುತ್ತಾರೆ ಎನ್ನಲು ‘ಪೀಶುತ್’. ಆ ‘ಯ’ ಎಲ್ಲಿಂದ ಬಂತು? ಈ ‘ಸ’ ಏಕೆ ‘ಶ’ ಆಯಿತು?

ಇದಕ್ಕೆ ಸೊಗಸಾದ ಉತ್ತರ ಕೊಟ್ಟವರು ಮಾಸ್ಕೋದಲ್ಲಿ ಹುಟ್ಟಿದ ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್, 1948ರಲ್ಲಿ ಅಮೆರಿಕದ ‘ವರ್ಡ್’ ಪತ್ರಿಕೆಯಲ್ಲಿ. ನಿಘಂಟಿನ ರೂಪದ ಹಿಂದೆ ಅಡಗಿರುವ ಧಾತುವನ್ನು ಹಿಡಿದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ ಎಂಬುದು ಅವರ ಲೇಖನದ ತಿರುಳು. ಓದುವುದರ ಧಾತು ‘ಚಿತಾಯ್’. ಧಾತುವಿನ ಕೊನೆಯ ‘ಯ್’, ‘ವ್’, ‘ನ್’ಗಳಿಗೆ ಇನ್ನೊಂದು ವ್ಯಂಜನ ಎದುರಾದರೆ ಅವು ಬಿದ್ದುಹೋಗುತ್ತವೆ. ಹಾಗಾಗಿ ‘ಚಿತಾತ್’ನಲ್ಲಿ ‘ಯ್’ ಕಾಣುವುದಿಲ್ಲ. ‘ಉತ್’ ಬಂದಾಗ ಮತ್ತೆ ತಲೆ ಎತ್ತುತ್ತದೆ. ಬದುಕುವುದರ ಧಾತು ‘ಝಿವ್’, ನಮ್ಮ ‘ಜೀವ’ದ ದೂರದ ನೆಂಟ: ‘ಝಿತ್’, ‘ಝಿವೂತ್’.

ಸ್ವರಕ್ಕೆ ಸ್ವರ ಎದುರಾದರೂ ಬೀಳುವುದು ಮೊದಲಿನದೇ. ಕಾಯುವುದರ ಧಾತು ‘ಝ್ದಾ’. ಅದಕ್ಕೆ ‘ಉತ್’ ಸೇರಿದರೆ ‘ಝ್ದೂತ್’. ಊರು, ಅಲ್ಲಿ ಸೇರಿ ಊರಲ್ಲಿ ಎಂದು ಬಿಡಿಸಿ ಬರೆದವರಿಗೆ ಇದು ಅಪ್ಪಟ ಲೋಪಸಂಧಿ. ‘ಪಿಸಾ’ದಲ್ಲೂ ಕೊನೆಯ ಸ್ವರ ಬೀಳುತ್ತದೆ, ಜೊತೆಗೆ ‘ಸ’ಕಾರ ‘ಶ’ಕಾರವಾಗುತ್ತದೆ.

ಭೂತಕಾಲದಲ್ಲಿ ಇನ್ನೊಂದು ಸೊಗಸಿದೆ. ‘ನಾನು ಓದಿದೆ’ ಎಂದರೆ ಕನ್ನಡದಲ್ಲಿ ಹೇಳಿದವರು ಗಂಡೋ ಹೆಣ್ಣೋ ಗೊತ್ತಾಗದು. ರಷ್ಯನ್ನಿನಲ್ಲಿ ಗಂಡು ‘ಚಿತಾಲ್’ ಎನ್ನುತ್ತಾನೆ, ಹೆಣ್ಣು ‘ಚಿತಾಲಾ’ ಎನ್ನುತ್ತಾಳೆ. ವರ್ತಮಾನದಲ್ಲಿ ಪರಿಸ್ಥಿತಿ ಉಲ್ಟಾ: ನಮ್ಮ ಓದುತ್ತಾನೆ, ಓದುತ್ತಾಳೆ ಎರಡಕ್ಕೂ ಅಲ್ಲಿ ‘ಚಿತಾಯೆತ್’ ಒಂದೇ. ರಷ್ಯನ್ ಭೂತಕಾಲ ಮೂಲದಲ್ಲಿ ಕೃದಂತ. ಜೊತೆಗಿದ್ದ ಸಹಾಯಕ ಕ್ರಿಯಾಪದ ಕಾಲಕ್ರಮೇಣ ಉದುರಿಹೋಗಿ, ವಿಶೇಷಣದಂತೆ ಲಿಂಗ ವಚನಗಳಷ್ಟೇ ಉಳಿದವು.

ನನ್ನ ಶಿಫಾರಸು ಇಷ್ಟು. ಹೊಸ ಕ್ರಿಯಾಪದ ಸಿಕ್ಕಾಗ ನಿಘಂಟಿನ ರೂಪದ ಪಕ್ಕದಲ್ಲೇ ‘ನಾನು’, ‘ನೀನು’, ‘ಅವರು’ ರೂಪಗಳನ್ನೂ ಬರೆದುಕೊಳ್ಳಿ. ಪ್ರೀತಿಸುತ್ತೇನೆ ‘ಲ್ಯುಬ್ಲ್ಯೂ’, ಪ್ರೀತಿಸುತ್ತೀಯ ‘ಲ್ಯೂಬಿಶ್’: ನಡುವೆ ನುಗ್ಗಿದ ‘ಲ’ಕಾರ, ಒತ್ತು ಹಿಂದಕ್ಕೆ ಸರಿದದ್ದು ಎರಡೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ‘ಅವರು’ ರೂಪ ಧಾತುವನ್ನು ತೋರಿಸಿಕೊಡುತ್ತದೆ. ಬೇಕೆನ್ನು, ಓಡು, ಕೊಡು, ತಿನ್ನು ಎಂಬರ್ಥದ ನಾಲ್ಕು ಕ್ರಿಯಾಪದಗಳು ಮಾತ್ರ ಯಾವ ಗಣಕ್ಕೂ ಪೂರ್ತಿ ಒಗ್ಗುವುದಿಲ್ಲ. ಬಾಯಿಪಾಠದ ಶ್ರಮ ಅವಕ್ಕೆ ಮೀಸಲಿರಲಿ.